ಹಳೆಯ ಆಫೀಸ್ ಪ್ರಿಂಟರ್‌ಗೆ ನೆಟ್‌ವರ್ಕ್, ಮೊಬೈಲ್ ಪ್ರಿಂಟ್, ಸ್ಕ್ಯಾನ್ ಸೇರಿಸುವುದು: ಏನು ನೋಡಬೇಕು, ಏನು ಕೊಳ್ಳಬೇಕು

ಉಡುಪಿ, ಮಂಗಳೂರು ಕಡೆಯ ಆಫೀಸುಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಪ್ರಿಂಟ್ ಸರ್ವರ್ ಡಬ್ಬಿ ತಂದಾಗಿದೆ. ಲೈಟೂ ಉರಿಯುತ್ತದೆ. ಪ್ರಿಂಟ್ ಮಾತ್ರ ಬರುವುದಿಲ್ಲ." ಪ್ರಿಂಟ್ ಸರ್ವರ್ ಎಂದರೆ ಯುಎಸ್‌ಬಿ ಪ್ರಿಂಟರನ್ನು ನೆಟ್‌ವರ್ಕಿಗೆ ಸೇರಿಸುವ ಚಿಕ್ಕ ಡಬ್ಬಿ. ವಕೀಲರ ಆಫೀಸು, ಸಹಕಾರಿ ಸಂಘ, ಆಡಿಟರ್ ಆಫೀಸು, ಶಾಲೆಯ ಆಫೀಸ್ ರೂಮು, ಎಲ್ಲ ಕಡೆಯೂ ಆದದ್ದು ಇದೇ. ಮೊದಲು ಸಾಮಾನು ಕೊಂಡಿದ್ದಾರೆ, ಆಮೇಲೆ ತಮ್ಮ ಪ್ರಿಂಟರ್ ಯಾವ ಬಗೆಯದ್ದು ಅಂತ ಕೇಳಿದ್ದಾರೆ.

ಈ ಕೆಲಸದಲ್ಲಿ ಕೊಳ್ಳುವುದು ಐದನೇ ಹಂತ. ಮೊದಲ ನಾಲ್ಕು ಹಂತಕ್ಕೆ ಒಂದು ಬೆಳಗಿನ ಹೊತ್ತು ಸಾಕು, ಖರ್ಚಿಲ್ಲ. ಎಷ್ಟೋ ಆಫೀಸುಗಳ ಕೆಲಸ ನಾಲ್ಕನೇ ಹಂತದಲ್ಲೇ ಮುಗಿಯುತ್ತದೆ.

ಹತ್ತಿರ ಇಟ್ಟುಕೊಳ್ಳಬೇಕಾದವು: ಚೌಕದ ತಲೆಯ ಯುಎಸ್‌ಬಿ ಕೇಬಲ್ (ಎರಡು ಮೀಟರಿನದ್ದು ಒಳ್ಳೆಯದು, ಐದು ಮೀಟರ್ ದಾಟಬಾರದು), ಒಂದು ಲ್ಯಾನ್ ಕೇಬಲ್, ಅಡ್ಮಿನ್ ಪಾಸ್‌ವರ್ಡ್ ಗೊತ್ತಿರುವ ಒಂದು ಕಂಪ್ಯೂಟರ್, ರೂಟರಿನ ಲಾಗಿನ್, ಒಂದು ಪೆನ್‌ಡ್ರೈವ್, ಒಂದು ಟಾರ್ಚ್. ರೂಟರಿನ ಲಾಗಿನ್ ಇಂಟರ್ನೆಟ್ ಹಾಕಿಸಿದವರ ಹತ್ತಿರ ಮಾತ್ರ ಇರುವುದು ಸಾಮಾನ್ಯ. ಅದನ್ನು ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ.

ಹಂತ 1: ಬೇಕಾದದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ

"ಪ್ರಿಂಟರ್ ಅಪ್‌ಗ್ರೇಡ್ ಮಾಡಬೇಕು" ಅಂದರೆ ಅಂಗಡಿಯವರಿಗೂ ಅರ್ಥವಾಗುವುದಿಲ್ಲ. "ಮೂರು ಕಂಪ್ಯೂಟರಿನಿಂದ ಪ್ರಿಂಟ್ ಬೇಕು, ಮೊಬೈಲಿನಿಂದ ಬೇಡ" ಎಂದು ಬರೆಯಿರಿ. ಅಥವಾ "ವಾಟ್ಸಾಪ್‌ಗೆ ಬಂದ ಪಿಡಿಎಫ್ ಅನ್ನು ಫೋನಿನಿಂದಲೇ ಪ್ರಿಂಟ್ ಕೊಡಬೇಕು". ಅಥವಾ "ಎರಡೂ ಬದಿ ಪ್ರಿಂಟ್ ಬೇಕು". ಇವು ಬೇರೆ ಬೇರೆ ಕೆಲಸ, ಒಂದೊಂದಕ್ಕೂ ಬೇರೆ ದಾರಿ ಇದೆ. ಮೊಬೈಲ್ ಪ್ರಿಂಟ್ ಬೇಕೋ ಬೇಡವೋ ಎಂಬುದನ್ನು ಈಗಲೇ ತೀರ್ಮಾನಿಸಿ. ಐದನೇ ಹಂತದ ಆಯ್ಕೆ ಪೂರ್ತಿ ಅದರ ಮೇಲೆ ನಿಂತಿದೆ.

ಹಂತ 2: ಪ್ರಿಂಟರಿನ ಮೈ ಸರಿ ಇದೆಯಾ ನೋಡಿ

ಯುಎಸ್‌ಬಿ ಕೇಬಲ್ಲಿನಲ್ಲಿ ನೇರವಾಗಿ ಒಂದು ಕಂಪ್ಯೂಟರಿಗೆ ಜೋಡಿಸಿ ಇಪ್ಪತ್ತು ಪುಟ ಒಂದೇ ಸಲ ಪ್ರಿಂಟ್ ಕೊಡಿ. ಒಂದು ಪುಟದ ಪರೀಕ್ಷೆ ಸಾಲದು. ಪಿಕಪ್ ರೋಲರ್ ಸವೆದಿದ್ದರೆ ಅದು ಏಳನೇ, ಎಂಟನೇ ಹಾಳೆಯ ಹೊತ್ತಿಗೆ ತೋರುತ್ತದೆ. ಹಾಳೆ ಎಳೆಯದೆ ರೋಲರ್ ಸುಮ್ನೆ ಜಾರುತ್ತದೆ, ಅಥವಾ ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತವೆ.

ಹಾಳೆ ಹೊರಗೆ ಬಂದ ಕೂಡಲೇ ಅಕ್ಷರದ ಮೇಲೆ ಬೆರಳು ಉಜ್ಜಿ. ಕಪ್ಪು ಪುಡಿ ಬೆರಳಿಗೆ ಅಂಟಿದರೆ ಫ್ಯೂಸರ್ (ಟೋನರ್ ಪುಡಿಯನ್ನು ಬಿಸಿಯಿಂದ ಹಾಳೆಗೆ ಅಂಟಿಸುವ ಭಾಗ) ಸರಿಯಾಗಿ ಬಿಸಿಯಾಗುತ್ತಿಲ್ಲ, ಇಲ್ಲವೇ ಅದರ ಫಿಲ್ಮ್ ಹರಿದಿದೆ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಚುಕ್ಕೆ ಬೀಳುತ್ತಿದ್ದರೆ ಹೆಚ್ಚಾಗಿ ಅದು ಕಾರ್ಟ್ರಿಡ್ಜಿನ ಡ್ರಮ್ಮಿನ ಮೇಲಿನ ಗಾಯ. ಡ್ರಮ್, ರೋಲರ್ ಬದಲಿಸಬಹುದು, ಭಯ ಬೇಡ. ಆದರೆ ಫ್ಯೂಸರ್ ಹೋಗಿದ್ದರೆ ಇಲ್ಲೇ ನಿಲ್ಲಿಸಿ. ಅದರ ರಿಪೇರಿಯ ಖರ್ಚನ್ನು ಕೇಳಿ ತಿಳಿಯದೆ ಮುಂದಿನ ಸಾಮಾನಿಗೆ ದುಡ್ಡು ಹಾಕಬೇಡಿ.

ಹಂತ 3: ಪ್ರಿಂಟರಿಗೆ ಯಾವ ಭಾಷೆ ಬರುತ್ತದೆ ಎಂದು ತಿಳಿಯಿರಿ

ನೀವು ಬೇರೆ ಏನನ್ನು ಬಿಟ್ಟರೂ ಈ ಹಂತವನ್ನು ಬಿಡಬೇಡಿ.

ಪ್ರಿಂಟರ್‌ಗಳಲ್ಲಿ ಎರಡು ಬಗೆ. ಮೊದಲನೆಯದಕ್ಕೆ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟದ ಭಾಷೆ ಬರುತ್ತದೆ. ಕಂಪ್ಯೂಟರ್ "ಇಲ್ಲಿ ಈ ಅಕ್ಷರ, ಅಲ್ಲಿ ಒಂದು ಗೆರೆ" ಎಂದು ಹೇಳಿದರೆ ಸಾಕು, ಪುಟವನ್ನು ಪ್ರಿಂಟರ್ ತಾನೇ ಬಿಡಿಸಿಕೊಳ್ಳುತ್ತದೆ. ಎರಡನೆಯದಕ್ಕೆ ಯಾವ ಭಾಷೆಯೂ ಬಾರದು. ಪೂರ್ತಿ ಪುಟವನ್ನು ಕಂಪ್ಯೂಟರೇ ಚುಕ್ಕೆ ಚುಕ್ಕೆಯಾಗಿ ತಯಾರಿಸಿ ಕೊಡಬೇಕು. ಇದಕ್ಕೆ ಹೋಸ್ಟ್ ಬೇಸ್ಡ್ ಅಥವಾ ಜಿಡಿಐ ಪ್ರಿಂಟರ್ ಎನ್ನುತ್ತಾರೆ. ನಮ್ಮ ಆಫೀಸುಗಳಲ್ಲಿ ತುಂಬಾ ಕಾಣುವ ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಎರಡೂ ಈ ಬಗೆಯವು. 1020 ಇನ್ನೂ ಒಂದು ಹೆಜ್ಜೆ ಮುಂದೆ. ಅದನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಪ್ರಿಂಟರ್ ಒಳಗೆ ಉಳಿಯುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗ ಕಂಪ್ಯೂಟರಿನ ಡ್ರೈವರ್ ಅದನ್ನು ಹೊಸದಾಗಿ ಕಳಿಸಬೇಕು.

ಇದರಿಂದ ಆಗುವ ತೊಂದರೆಯನ್ನು ಒಂದು ಮಳೆಗಾಲದಲ್ಲಿ ಉಡುಪಿಯ ಒಂದು ಸಂಘದ ಶಾಖೆಯಲ್ಲಿ ಕಣ್ಣಾರೆ ನೋಡಿದೆ. ಬೆಳಿಗ್ಗೆ ಅಂಗಡಿಯ ಹುಡುಗ ಬಂದು ಇಂಥದೇ ಒಂದು ಪ್ರಿಂಟರನ್ನು ಮೊದಲು ಕಂಪ್ಯೂಟರಿಗೆ ಜೋಡಿಸಿ ಪರೀಕ್ಷೆ ಮಾಡಿದ್ದ. ಆಮೇಲೆ ಪ್ರಿಂಟರ್ ಆಫ್ ಮಾಡದೆ ಕೇಬಲನ್ನು ಕಿತ್ತು ಪ್ರಿಂಟ್ ಸರ್ವರಿಗೆ ಚುಚ್ಚಿ ಹೋಗಿದ್ದ. ಎಲ್ಲ ಕೌಂಟರಿನಿಂದಲೂ ಪ್ರಿಂಟ್ ಬಂತು. ಮಧ್ಯಾಹ್ನ ಮೂರರ ಹೊತ್ತಿಗೆ ಕರೆಂಟ್ ಹೋಗಿ ಹತ್ತು ನಿಮಿಷದಲ್ಲಿ ಬಂತು. ಪ್ರಿಂಟರ್ ಒಮ್ಮೆ ಗುರ್ ಅಂದು ಸುಮ್ಮನಾಯಿತು. ಕ್ಯೂನಲ್ಲಿ ಹನ್ನೆರಡು ಪ್ರಿಂಟ್ ನಿಂತಿದ್ದವು. "ಮಾರಾಯ್ರೆ, ಅಷ್ಟೊತ್ತು ಚಂದ ಬರ್ತಾ ಇತ್ತು, ಕರೆಂಟ್ ಹೋಗಿ ಬಂದದ್ದೇ, ಮತ್ತೆ ಒಂದು ಪೇಜ್ ಬರ್ಲಿಲ್ಲ" ಎಂದರು ಅಲ್ಲಿನ ಕ್ಲರ್ಕ್. ಯಾವುದೂ ಕೆಟ್ಟಿರಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಕಳಿಸಿದ್ದ ಫರ್ಮ್‌ವೇರ್ ಕರೆಂಟ್ ಜೊತೆ ಹೋಗಿತ್ತು. ಅದನ್ನು ಮತ್ತೆ ಕಳಿಸಲು ಆ ಡಬ್ಬಿಗೆ ಗೊತ್ತಿರಲಿಲ್ಲ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಮೂರು ದಾರಿ.

ಸುಲಭದ್ದು, ಮಾಡೆಲ್ ಹೆಸರಿನ ಜೊತೆಗೆ ಬರುವ ವಿವರಪಟ್ಟಿಯಲ್ಲಿ "ಪ್ರಿಂಟರ್ ಲ್ಯಾಂಗ್ವೇಜ್" ಎಂಬ ಸಾಲು ಹುಡುಕುವುದು. ಪಿಸಿಎಲ್ 5, ಪಿಸಿಎಲ್ 6, ಪೋಸ್ಟ್‌ಸ್ಕ್ರಿಪ್ಟ್ ಎಂದಿದ್ದರೆ ಒಳ್ಳೆಯದು. ಹೋಸ್ಟ್ ಬೇಸ್ಡ್, ಜಿಡಿಐ, ಸಿಎಪಿಟಿ ಎಂದಿದ್ದರೆ ಎರಡನೇ ಬಗೆ.

ಎರಡನೆಯದು, ಕಾನ್ಫಿಗರೇಶನ್ ಪೇಜ್. ಬಟನ್ ಇರುವ ಎಷ್ಟೋ ಲೇಸರ್ ಪ್ರಿಂಟರ್‌ಗಳಲ್ಲಿ ಅದನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಈ ಪುಟ ಬರುತ್ತದೆ. ಭಾಷೆ, ಮೆಮೊರಿ, ಈವರೆಗೆ ಎಷ್ಟು ಪುಟ ಪ್ರಿಂಟ್ ಆಗಿದೆ, ಎಲ್ಲ ಅದರಲ್ಲಿ ಇರುತ್ತದೆ. ಈ ಪುಟವನ್ನು ಎಸೆಯಬೇಡಿ.

ಮೂರನೆಯದು ನನಗೆ ಜಾಸ್ತಿ ನಂಬಿಕೆ ಇರುವ ದಾರಿ. ವಿಂಡೋಸ್‌ನಲ್ಲಿ ಪ್ರಿಂಟರನ್ನು ಕೈಯಾರೆ ಸೇರಿಸಿ. ಈಗಿರುವ ಯುಎಸ್‌ಬಿ ಪೋರ್ಟನ್ನೇ ಆರಿಸಿ. ಡ್ರೈವರ್ ಪಟ್ಟಿಯಲ್ಲಿ ತಯಾರಕರ ಜಾಗದಲ್ಲಿ "ಜೆನೆರಿಕ್", ಅದರೊಳಗೆ "ಟೆಕ್ಸ್ಟ್ ಓನ್ಲಿ" ಆರಿಸಿ. ಈಗ ನೋಟ್‌ಪ್ಯಾಡಿನಲ್ಲಿ 12345 ಎಂದು ಬರೆದು ಈ ಹೊಸ ಪ್ರಿಂಟರಿಗೆ ಕೊಡಿ. ಕನ್ನಡದಲ್ಲಿ ಬರೆಯಬೇಡಿ, ಈ ಡ್ರೈವರಿಗೆ ಕನ್ನಡ ಬಾರದು. ಹಾಳೆಯ ಮೇಲೆ ಅಂಕಿ ಬಂದರೆ ನಿಮ್ಮ ಪ್ರಿಂಟರ್ ಮೊದಲನೇ ಬಗೆ. ಏನೂ ಬಾರದಿದ್ದರೆ ಅಥವಾ ಲೈಟ್ ಮಿನುಗಿ ನಿಂತರೆ ಎರಡನೇ ಬಗೆ ಎಂದುಕೊಂಡು ಮುಂದುವರಿಯಿರಿ. ಪರೀಕ್ಷೆ ಆದ ಮೇಲೆ ಆ ನಕಲಿ ಪ್ರಿಂಟರನ್ನು ಅಳಿಸಿ, ಅಸಲಿ ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಹಂತ 4: ಮೊದಲು ಖರ್ಚಿಲ್ಲದ ದಾರಿ, ವಿಂಡೋಸ್ ಶೇರಿಂಗ್

ಒಂದು ಕಂಪ್ಯೂಟರ್ ಹೇಗೂ ಬೆಳಿಗ್ಗೆಯಿಂದ ಸಂಜೆವರೆಗೆ ಆನ್ ಇರುತ್ತದೆ ಅಲ್ವಾ? ಪ್ರಿಂಟರನ್ನು ಅದಕ್ಕೇ ಜೋಡಿಸಿ ಉಳಿದವರಿಗೆ ಶೇರ್ ಮಾಡಿ. ಎರಡನೇ ಬಗೆಯ ಪ್ರಿಂಟರಿಗೂ ಇದು ನಡೆಯುತ್ತದೆ. ಫರ್ಮ್‌ವೇರ್ ಕಳಿಸುವ ಕಂಪ್ಯೂಟರ್ ಪಕ್ಕದಲ್ಲೇ ಇರುತ್ತದಲ್ಲ.

ಈ ಕ್ರಮದಲ್ಲಿ ಮಾಡಿ. ಮೊದಲು ಆ ಕಂಪ್ಯೂಟರಿಗೆ ಸ್ಪೇಸ್ ಇಲ್ಲದ ಚಿಕ್ಕ ಹೆಸರು ಕೊಡಿ. ಪ್ರಿಂಟರಿನ ಶೇರ್ ಹೆಸರೂ ಹಾಗೇ ಇರಲಿ. ಎಲ್ಲ ಕಂಪ್ಯೂಟರಿನಲ್ಲೂ ನೆಟ್‌ವರ್ಕ್ ಬಗೆಯನ್ನು "ಪಬ್ಲಿಕ್" ನಿಂದ "ಪ್ರೈವೇಟ್" ಗೆ ಬದಲಿಸಿ. ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಬೇರೆ ಖಾತೆ ತೆರೆಯಿರಿ. ಉಳಿದ ಕಂಪ್ಯೂಟರುಗಳ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಆ ಹೆಸರು, ಪಾಸ್‌ವರ್ಡ್ ಉಳಿಸಿ. ಹಿಂದೆ ಪಾಸ್‌ವರ್ಡ್ ಇಲ್ಲದೆ ನಡೆಯುತ್ತಿತ್ತು. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಅದು ಸಾಮಾನ್ಯವಾಗಿ ನಡೆಯುವುದಿಲ್ಲ. ಕೊನೆಗೆ ಆ ಕಂಪ್ಯೂಟರಿನ ಸ್ಲೀಪ್ ತೆಗೆಯಿರಿ. ಸ್ಕ್ರೀನ್ ಆರಲಿ, ಕಂಪ್ಯೂಟರ್ ನಿದ್ದೆಗೆ ಹೋಗಬಾರದು.

ಇಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದು "11ಬಿ" ಎಂದು ಕೊನೆಯಾಗುವ ಎರರ್‌ನಲ್ಲಿ. 2021ರಲ್ಲಿ ವಿಂಡೋಸ್‌ನ ಪ್ರಿಂಟ್ ಸ್ಪೂಲರಿನಲ್ಲಿ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ಕಳಿಸುವ ಭಾಗ) ದೊಡ್ಡ ಭದ್ರತಾ ಲೋಪ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನ ಅಪ್‌ಡೇಟ್ ಬಂದ ಮೇಲೆ ಈ ಎರರ್ ಎಲ್ಲ ಕಡೆ ಶುರುವಾಯಿತು. ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ಬದಲಿಸಿದರೆ ಸರಿಯಾಗುತ್ತದೆ ಎಂದು ತುಂಬಾ ವಿಡಿಯೋಗಳು ಹೇಳುತ್ತವೆ. ಅದನ್ನು ಮಾಡಬೇಡಿ. ಆ ಬದಲಾವಣೆ ಮಾಡಿದರೆ ಹಾಕಿದ ಬೀಗವನ್ನೇ ತೆಗೆದ ಹಾಗೆ. ಜನರ ಹಣದ ಲೆಕ್ಕ, ಆಧಾರ್ ಪ್ರತಿ ಇರುವ ಕಂಪ್ಯೂಟರುಗಳಿವು.

ಬದಲಿಗೆ ಎರಡೂ ಕಂಪ್ಯೂಟರನ್ನು ಪೂರ್ತಿ ಅಪ್‌ಡೇಟ್ ಮಾಡಿ. ಆದರೂ ಬಾರದಿದ್ದರೆ ಪ್ರಿಂಟ್ ಕೊಡುವ ಕಂಪ್ಯೂಟರಿನಲ್ಲಿ ಅದೇ ಪ್ರಿಂಟರಿನ ಡ್ರೈವರ್ ಮೊದಲೇ ಹಾಕಿ. ಆಮೇಲೆ "ಲೋಕಲ್ ಪೋರ್ಟ್" ಎಂಬ ಹೊಸ ಪೋರ್ಟ್ ಮಾಡಿ, ಅದರ ಹೆಸರಾಗಿ ಎರಡು ಬ್ಯಾಕ್‌ಸ್ಲಾಶ್, ಕಂಪ್ಯೂಟರಿನ ಹೆಸರು, ಒಂದು ಬ್ಯಾಕ್‌ಸ್ಲಾಶ್, ಪ್ರಿಂಟರಿನ ಶೇರ್ ಹೆಸರು ಬರೆಯಿರಿ. ಹೆಚ್ಚಿನ ಕಡೆ ಇದರಿಂದ ಕೆಲಸ ಆಗುತ್ತದೆ.

ಡ್ರೈವರ್ ಬಗ್ಗೆ ಒಂದು ಮಾತು. ಪ್ರಿಂಟರ್ ಕಂಪನಿಗಳ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆ ಎಂದು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲೇ ಹೇಳಿದೆ. ನಿಮ್ಮ ಮಾಡೆಲಿನ 64 ಬಿಟ್ ಡ್ರೈವರನ್ನು ಕಂಪನಿಯ ಸೈಟಿನಿಂದ ಇವತ್ತೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಡಿ. ಸಿಕ್ಕ ಸಿಕ್ಕ "ಡ್ರೈವರ್ ಡೌನ್‌ಲೋಡ್" ಸೈಟಿನಿಂದ ಬೇಡ. ಇನ್ನೊಂದು, ಹೊಸದಾಗಿ ಲ್ಯಾಪ್‌ಟಾಪ್ ಕೊಳ್ಳುವವರು ಅದರ ಪ್ರೊಸೆಸರ್ ಆರ್ಮ್ ಬಗೆಯದ್ದಾ ಎಂದು ಕೇಳಿ. ಹಳೆಯ ಪ್ರಿಂಟರ್ ಡ್ರೈವರುಗಳು ಅದರಲ್ಲಿ ಕೂರುವುದಿಲ್ಲ.

ಹಂತ 5: ಈಗ ಕೊಳ್ಳುವ ಮಾತು

ಯಾವ ಕಂಪ್ಯೂಟರೂ ಇಡೀ ದಿನ ಆನ್ ಇರುವುದಿಲ್ಲ, ಅಥವಾ ಮೊಬೈಲ್ ಪ್ರಿಂಟ್ ಬೇಕೇ ಬೇಕು ಎಂದಾದರೆ ಮಾತ್ರ ಇಲ್ಲಿಗೆ ಬನ್ನಿ.

ಮಾಮೂಲಿ ಪ್ರಿಂಟ್ ಸರ್ವರ್ ಎಂದರೆ ಒಂದು ಬದಿ ಯುಎಸ್‌ಬಿ, ಇನ್ನೊಂದು ಬದಿ ಲ್ಯಾನ್ ಅಥವಾ ವೈಫೈ ಇರುವ ಚಿಕ್ಕ ಡಬ್ಬಿ. ಬಂದ ಡೇಟಾವನ್ನು ಹಾಗೇ ಪ್ರಿಂಟರಿಗೆ ದಾಟಿಸುವುದಷ್ಟೇ ಅದರ ಕೆಲಸ. ಮೊದಲನೇ ಬಗೆಯ ಪ್ರಿಂಟರಿಗೆ ಇದು ಚೆನ್ನಾಗಿ ಹೊಂದುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳೂ ಇದರ ಜೊತೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಎರಡನೇ ಬಗೆಗೆ ಇದನ್ನು ಕೊಳ್ಳಬೇಡಿ. "ಎಲ್ಲ ಪ್ರಿಂಟರಿಗೂ ಆಗ್ತದೆ" ಎಂದು ಹೇಳಿದರೆ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ತೋರಿಸಲು ಕೇಳಿ. ಹಳೆಯ ವೈಫೈ ಡಬ್ಬಿಗಳಲ್ಲಿ ಇನ್ನೊಂದು ತೊಡಕು ಇದೆ. ಎಷ್ಟೋ ಡಬ್ಬಿಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಬರುತ್ತದೆ, ಹೊಸ ರೂಟರಿನ ಡಬ್ಲ್ಯುಪಿಎ 3 ಭದ್ರತೆ ಬರುವುದಿಲ್ಲ. ಲ್ಯಾನ್ ತಂತಿ ಎಳೆಯಲು ಆಗುವ ಜಾಗದಲ್ಲಿ ತಂತಿಯದ್ದೇ ತನ್ನಿ.

ಯುಎಸ್‌ಬಿ ಡಿವೈಸ್ ಸರ್ವರ್ ನೋಡಲು ಅದೇ ಡಬ್ಬಿ, ಆದರೆ ಕೆಲಸ ಬೇರೆ. ಇದು ಯುಎಸ್‌ಬಿ ಸಂಪರ್ಕವನ್ನೇ ನೆಟ್‌ವರ್ಕಿನ ಮೇಲೆ ಒಯ್ಯುತ್ತದೆ. ಪ್ರಿಂಟರ್ ತನ್ನ ಪಕ್ಕದಲ್ಲೇ ಇದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಆದ್ದರಿಂದ ಎರಡನೇ ಬಗೆಯ ಪ್ರಿಂಟರೂ, ಸ್ಕ್ಯಾನರೂ ನಡೆಯುವ ಸಾಧ್ಯತೆ ಜಾಸ್ತಿ. ಕೊರತೆ ಎರಡು. ಪ್ರತಿ ಕಂಪ್ಯೂಟರಿಗೂ ಅವರ ಸಾಫ್ಟ್‌ವೇರ್ ಹಾಕಬೇಕು, ಒಂದು ಹೊತ್ತಿಗೆ ಒಬ್ಬರಷ್ಟೇ ಬಳಸಬಹುದು. ಮೊಬೈಲಿಗೆ ಇದು ಉಪಯೋಗವಿಲ್ಲ. ಆ ಸಾಫ್ಟ್‌ವೇರ್ ವಿಂಡೋಸ್ 11ಕ್ಕೆ ಇದೆಯಾ ಎಂದು ನೋಡಿಯೇ ದುಡ್ಡು ಕೊಡಿ.

ರೂಟರಿನ ಹಿಂದೆ ಇರುವ ಯುಎಸ್‌ಬಿ ಕಿಂಡಿಯ ಮೇಲೆ ಆಸೆ ಇಡಬೇಡಿ. ತುಂಬಾ ರೂಟರುಗಳಲ್ಲಿ ಅದು ಪೆನ್‌ಡ್ರೈವಿಗೆ ಮಾತ್ರ.

ನಾನು ಜಾಸ್ತಿ ಹೇಳುವುದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಅಥವಾ ಒಂದು ಹಳೆಯ ಡೆಸ್ಕ್‌ಟಾಪಿನಲ್ಲಿ ಲಿನಕ್ಸ್ ಹಾಕಿ, ಪ್ರಿಂಟರ್ ಹಂಚುವ ಕಪ್ಸ್ ಎಂಬ ಉಚಿತ ಸಾಫ್ಟ್‌ವೇರ್ ನಡೆಸುವುದು. ಇಲ್ಲಿ ಪುಟವನ್ನು ತಯಾರಿಸುವುದು ಆ ಪುಟ್ಟ ಕಂಪ್ಯೂಟರೇ. ಆದ್ದರಿಂದ ಉಳಿದ ಕಂಪ್ಯೂಟರುಗಳಿಗೆ ಆ ಹಳೆಯ ಪ್ರಿಂಟರಿನ ಡ್ರೈವರೇ ಬೇಕಾಗುವುದಿಲ್ಲ. ವಿಂಡೋಸ್ 10, 11 ಐಪಿಪಿ ಎಂಬ ನೆಟ್‌ವರ್ಕ್ ಪ್ರಿಂಟ್ ಪದ್ಧತಿಯ ಮೂಲಕ ಸೇರಿಕೊಳ್ಳುತ್ತವೆ. ಜೊತೆಗೆ ಅವಾಹಿ ಎಂಬ ಸೇವೆ ಇದ್ದರೆ ಆಂಡ್ರಾಯ್ಡ್ ಫೋನು, ಐಫೋನುಗಳ ಪ್ರಿಂಟ್ ಪಟ್ಟಿಯಲ್ಲಿ ನಿಮ್ಮ ಹಳೆಯ ಪ್ರಿಂಟರ್ ತಾನೇ ಕಾಣುತ್ತದೆ. ಪೈ 3 ಅಥವಾ 4 ಸಾಕು. ಮೊದಲ ಪೈ ಝೀರೋದಲ್ಲಿ ಪುಟ ತಯಾರಾಗುವುದು ತುಂಬಾ ನಿಧಾನ. ಮೊಬೈಲ್ ಚಾರ್ಜರಿನಿಂದ ನಡೆಸಬೇಡಿ, ಅದರದ್ದೇ ಅಡಾಪ್ಟರ್ ತನ್ನಿ.

ಎಚ್‌ಪಿ ಪ್ರಿಂಟರಾದರೆ ಎಚ್‌ಪ್ಲಿಪ್ ಎಂಬ ಡ್ರೈವರ್ ಹಾಕಿ. 1020ರಂಥ ಮಾಡೆಲಿಗೆ ಅದರ ಜೊತೆ ಬೇರೆಯಾಗಿ ಒಂದು ಪ್ಲಗಿನ್ ಇಳಿಸಬೇಕು. ಪ್ರಿಂಟರ್ ಆನ್ ಆದ ಕೂಡಲೇ ಫರ್ಮ್‌ವೇರ್ ಕಳಿಸುವುದು ಅದರಿಂದಲೇ ಆಗುತ್ತದೆ. ಪ್ಲಗಿನ್ನಿನ ಆವೃತ್ತಿ ಎಚ್‌ಪ್ಲಿಪ್ ಆವೃತ್ತಿಗೆ ಸರಿಯಾಗಿ ಹೊಂದಬೇಕು. "ಲಿನಕ್ಸ್ ಅಪ್‌ಡೇಟ್ ಆದ ಮೇಲೆ ಪ್ರಿಂಟ್ ನಿಂತಿತು" ಎಂದರೆ ಮೊದಲು ಇದನ್ನೇ ನೋಡಿ. ಕ್ಯಾನನ್ 2900 ಇದ್ದವರು ಪೈ ಕೊಳ್ಳಬೇಡಿ. ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಮಾಮೂಲಿ ಇಂಟೆಲ್ ಬಗೆಯ ಕಂಪ್ಯೂಟರಿಗೆ ಮಾಡಿದ್ದು, ಪೈನಲ್ಲಿ ಅದು ಓಡುವುದಿಲ್ಲ. ನಿಮಗೆ ನಾಲ್ಕನೇ ಹಂತದ ಶೇರಿಂಗೇ ಒಳ್ಳೆಯ ದಾರಿ.

ದೊಡ್ಡ ಹಳೆಯ ಲೇಸರ್‌ಜೆಟ್ 4000 ಸರಣಿಯಂಥವು ಇನ್ನೂ ಕೆಲವು ಆಫೀಸುಗಳಲ್ಲಿ ಗಟ್ಟಿಯಾಗಿ ಇವೆ. ಅವುಗಳ ಹಿಂದೆ ಕಾರ್ಡ್ ಹಾಕುವ ಸ್ಲಾಟ್ ಇರುತ್ತದೆ. ಸೆಕೆಂಡ್ ಹ್ಯಾಂಡ್ ಜೆಟ್‌ಡೈರೆಕ್ಟ್ ಕಾರ್ಡ್ (ಎಚ್‌ಪಿಯ ನೆಟ್‌ವರ್ಕ್ ಕಾರ್ಡ್) ಸಿಕ್ಕಿದರೆ ಅದನ್ನೇ ಹಾಕಿ. ಆ ಪ್ರಿಂಟರಿಗೆಂದೇ ಮಾಡಿದ ಸಾಮಾನು ಅದು. ಟಾರ್ಚ್ ಬೆಳಕಿನಲ್ಲಿ ಸ್ಲಾಟಿನ ಫೋಟೋ ತೆಗೆದು ಅದನ್ನು ತೋರಿಸಿಯೇ ಕಾರ್ಡ್ ಕೇಳಿ.

ಗೂಗಲ್ ಕ್ಲೌಡ್ ಪ್ರಿಂಟ್ ಸಿಗುತ್ತದೆ ಎಂದು ಯಾರಾದರೂ ಡಬ್ಬಿ ಮಾರಲು ಬಂದರೆ ಬೇಡ ಎನ್ನಿ. ಆ ಸೇವೆ 2020ರ ಡಿಸೆಂಬರ್ 31ಕ್ಕೆ ನಿಂತುಹೋಗಿದೆ.

ಹಂತ 6: ವಿಳಾಸವನ್ನು ಗಟ್ಟಿ ಮಾಡಿ

"ನಿನ್ನೆ ಬರ್ತಿತ್ತು, ಇವತ್ತು ಆಫ್‌ಲೈನ್ ತೋರಿಸ್ತದೆ." ಈ ದೂರಿಗೆ ಕಾರಣ ಸಾಮಾನ್ಯವಾಗಿ ಐಪಿ ವಿಳಾಸ ಬದಲಾಗಿರುವುದು. ರೂಟರ್ ಒಮ್ಮೆ ಆಫ್ ಆಗಿ ಆನ್ ಆದರೆ ಡಬ್ಬಿಗೆ ಬೇರೆ ನಂಬರ್ ಸಿಗಬಹುದು. ಕಂಪ್ಯೂಟರ್ ಮಾತ್ರ ಹಳೆಯ ನಂಬರಿಗೇ ಕಳಿಸುತ್ತಿರುತ್ತದೆ.

ರೂಟರಿನ ಲಾಗಿನ್ ಒಳಗೆ ಹೋಗಿ ಡಿಎಚ್‌ಸಿಪಿ ರಿಸರ್ವೇಶನ್ ಎಂಬಲ್ಲಿ ಪ್ರಿಂಟ್ ಸರ್ವರಿಗೆ ಒಂದು ನಂಬರನ್ನು ಕಾಯಂ ಮಾಡಿ. ಉದಾಹರಣೆಗೆ 192.168.1.50. ಇದಾದ ಮೇಲೆಯೇ ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸಿ. ಡಬ್ಬಿಯಾದರೆ "ಸ್ಟ್ಯಾಂಡರ್ಡ್ ಟಿಸಿಪಿ ಐಪಿ" ಪೋರ್ಟ್ ಆರಿಸಿ, ರಾ ಎಂದು ಗುರುತು ಮಾಡಿ, ಪೋರ್ಟ್ ಸಂಖ್ಯೆ ಸಾಮಾನ್ಯವಾಗಿ 9100. ಕಪ್ಸ್ ಆದರೆ 631. ವಿಂಡೋಸ್ ತಾನಾಗಿ ಹುಡುಕಿ ಹಾಕುವ ಡಬ್ಲ್ಯುಎಸ್‌ಡಿ ಪೋರ್ಟನ್ನು ಬಿಟ್ಟುಬಿಡಿ.

ಪ್ರಿಂಟ್ ಬರುತ್ತದೆ, ಆದರೂ ಆಗಾಗ ಆಫ್‌ಲೈನ್ ಎನ್ನುತ್ತದೆ ಎಂದಾದರೆ ಆ ಪೋರ್ಟಿನ ಸೆಟ್ಟಿಂಗಿನಲ್ಲಿ "ಎಸ್‌ಎನ್‌ಎಂಪಿ ಸ್ಟೇಟಸ್" ಎಂಬ ಟಿಕ್ ತೆಗೆಯಿರಿ. ವಿಂಡೋಸ್ ಪ್ರಿಂಟರಿನ ಸ್ಥಿತಿ ಕೇಳುತ್ತಿರುತ್ತದೆ, ಡಬ್ಬಿ ಉತ್ತರ ಕೊಡುವುದಿಲ್ಲ, ಅದನ್ನೇ ಅದು ಆಫ್‌ಲೈನ್ ಎಂದುಕೊಳ್ಳುತ್ತದೆ.

ಡಬ್ಬಿಯ ಮೊದಲಿನ ಪಾಸ್‌ವರ್ಡ್ ಬದಲಿಸಿ. ಮನೆಯಿಂದ ಪ್ರಿಂಟ್ ಕೊಡಲು ಆಗಲಿ ಎಂದು ರೂಟರಿನಲ್ಲಿ 9100ನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಊರಿನ ಆಚೆ ಎಲ್ಲಿಂದಲೋ ಯಾರು ಬೇಕಾದರೂ ನಿಮ್ಮ ಪ್ರಿಂಟರಿಗೆ ಕಳಿಸಬಹುದು.

ಹಂತ 7: ಮೆಮೊರಿ, ಡ್ಯೂಪ್ಲೆಕ್ಸ್, ಹೆಚ್ಚುವರಿ ಟ್ರೇ

ಮೆಮೊರಿ ಸೇರಿಸುವುದು ಮೊದಲನೇ ಬಗೆಯ ಪ್ರಿಂಟರಿಗೆ ಮಾತ್ರ ಅರ್ಥವಿರುವ ಕೆಲಸ. ಚಿತ್ರ ಇರುವ ಪುಟ ಅರ್ಧಕ್ಕೆ ನಿಂತರೆ, ಅಥವಾ ಮೆಮೊರಿ ಸಾಲದು ಎಂಬ ಸಂದೇಶ ಬಂದರೆ ಇದು ಬೇಕು. ಹಳೆಯ ಲೇಸರುಗಳ ಮೆಮೊರಿ ಎಷ್ಟೋ ಕಡೆ 100 ಪಿನ್ನಿನದ್ದು. ಡೆಸ್ಕ್‌ಟಾಪಿನ ರ‍್ಯಾಮ್ ಅಲ್ಲಿ ಕೂರುವುದಿಲ್ಲ, ಒತ್ತಿ ಕೂರಿಸಲು ಹೋಗಬೇಡಿ.

ಡ್ಯೂಪ್ಲೆಕ್ಸ್ ಯೂನಿಟ್ (ಎರಡೂ ಬದಿ ಪ್ರಿಂಟ್ ಮಾಡುವ ಭಾಗ) ಅಥವಾ ಎರಡನೇ ಟ್ರೇ ಹಾಕಿದವರು ಮರೆಯುವ ಒಂದು ಕೆಲಸ ಇದೆ. ಸಾಮಾನು ಕೂರಿಸಿದ ಮಾತ್ರಕ್ಕೆ ಡ್ರೈವರಿಗೆ ಗೊತ್ತಾಗುವುದಿಲ್ಲ. ಪ್ರಿಂಟರ್ ಪ್ರಾಪರ್ಟೀಸ್, ಅದರಲ್ಲಿ ಡಿವೈಸ್ ಸೆಟ್ಟಿಂಗ್ಸ್, ಅದರೊಳಗೆ "ಇನ್‌ಸ್ಟಾಲಬಲ್ ಆಪ್ಶನ್ಸ್" ಕೆಳಗೆ ಆ ಸಾಮಾನಿನ ಎದುರು "ಇನ್‌ಸ್ಟಾಲ್ಡ್" ಎಂದು ಆರಿಸಬೇಕು. ಪ್ರತಿ ಕಂಪ್ಯೂಟರಿನಲ್ಲೂ ಮಾಡಬೇಕು. ಸಾಮಾನು ಕೆಟ್ಟಿದೆ ಎಂದು ವಾಪಸ್ ಕೊಡುವ ಮೊದಲು ಇದನ್ನು ನೋಡಿ.

ಹಂತ 8: ಸ್ಕ್ಯಾನ್

ಆಲ್ ಇನ್ ಒನ್ ಪ್ರಿಂಟರನ್ನು ಮಾಮೂಲಿ ಪ್ರಿಂಟ್ ಸರ್ವರಿಗೆ ಹಾಕಿದರೆ ಪ್ರಿಂಟ್ ಬಂದರೂ ಸ್ಕ್ಯಾನ್ ಬರುವುದಿಲ್ಲ. ಅದು ದೋಷ ಅಲ್ಲ, ಅದರ ಮಿತಿ. ಸ್ಕ್ಯಾನರನ್ನು ಒಂದು ಕಂಪ್ಯೂಟರಿಗೆ ಬಿಟ್ಟು, ಅಲ್ಲಿ ನ್ಯಾಪ್ಸ್2 ಎಂಬ ಉಚಿತ ಸಾಫ್ಟ್‌ವೇರ್ ಹಾಕಿ. ನಾಲ್ಕೈದು ಹಾಳೆ ಸೇರಿಸಿ ಒಂದೇ ಪಿಡಿಎಫ್ ಮಾಡುವುದು ಅದರಲ್ಲಿ ಸುಲಭ. ಕನ್ನಡದ ಓಸಿಆರ್ (ಸ್ಕ್ಯಾನ್ ಚಿತ್ರದ ಅಕ್ಷರ ಓದುವ ಸೌಲಭ್ಯ) ಭಾಷೆಯನ್ನೂ ಇಳಿಸಿಕೊಳ್ಳಬಹುದು. ಅಚ್ಚಾದ ಕನ್ನಡವನ್ನು ಅದು ಹುಡುಕುವಷ್ಟು ಮಟ್ಟಿಗೆ ಓದುತ್ತದೆ, ಕೈಬರಹವನ್ನು ಓದುವುದಿಲ್ಲ. ಹೊಸ ಆವೃತ್ತಿಗಳಲ್ಲಿ ಸ್ಕ್ಯಾನರನ್ನು ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವ ಸೌಲಭ್ಯವೂ ಇದೆ.

ಹಂತ 9: ಕನ್ನಡ ಪುಟ ಕೊಟ್ಟು ನೋಡಿ

ಇಂಗ್ಲಿಷ್ ಟೆಸ್ಟ್ ಪೇಜ್ ಬಂತು ಎಂದು ಕೆಲಸ ಮುಗಿಸಬೇಡಿ. ನುಡಿ ಅಥವಾ ಬರಹದ ಹಳೆಯ ಅಕ್ಷರದಲ್ಲಿ ಮಾಡಿದ ನೋಟಿಸು, ಯುನಿಕೋಡಿನ ಒಂದು ಪುಟ, ಎರಡನ್ನೂ ಪ್ರಿಂಟ್ ಕೊಡಿ. ಹಳೆಯ ಅಕ್ಷರದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪ್ರಿಂಟರಿಗೆ ಹೋಗುವ ಮೊದಲೇ ಅದು ಅರ್ಥವಿಲ್ಲದ ಚಿಹ್ನೆಯಾಗಿರುತ್ತದೆ. ಅಂಥದ್ದನ್ನು ಮೂಲ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ತನ್ನಿ.

ಸ್ಕ್ರೀನಿನಲ್ಲಿ ಸರಿ ಇದ್ದು ಹಾಳೆಯಲ್ಲಿ ಒತ್ತಕ್ಷರ ಜಾರಿ ಪಕ್ಕಕ್ಕೆ ಬಿದ್ದರೆ ಅಥವಾ ಚೌಕ ಬಂದರೆ, ಪಿಡಿಎಫ್ ಓದುವ ಸಾಫ್ಟ್‌ವೇರಿನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒಳಗೆ "ಪ್ರಿಂಟ್ ಆ್ಯಸ್ ಇಮೇಜ್" ಆರಿಸಿ. ಪಿಸಿಎಲ್ ಡ್ರೈವರುಗಳಲ್ಲಿ ಫಾಂಟನ್ನು ಬಿಟ್‌ಮ್ಯಾಪ್ ಆಗಿ ಕಳಿಸುವ ಆಯ್ಕೆಯೂ ಇರುತ್ತದೆ. ನಿಧಾನವಾಗುತ್ತದೆ, ಆದರೆ ಅಕ್ಷರ ಸರಿಯಾಗಿ ಬರುತ್ತದೆ. ಮೊಬೈಲಿನಿಂದ ಕೊಡುವಾಗ ಹಾಳೆಯ ಅಳತೆಯನ್ನೂ ನೋಡಿ. ವಕೀಲರ ಆಫೀಸಿನಲ್ಲಿ ಟ್ರೇಯಲ್ಲಿ ಲೀಗಲ್ ಹಾಳೆ, ಫೋನಿನಲ್ಲಿ ಎ4 ಇದ್ದು ಪ್ರಿಂಟರ್ ಸುಮ್ಮನೆ ಕಾಯುತ್ತಾ ನಿಲ್ಲುವುದನ್ನು ತುಂಬಾ ಸಲ ನೋಡಿದ್ದೇನೆ.

ಹಂತ 10: ಕರೆಂಟ್, ಸಿಡಿಲು, ತೇವ

ಲೇಸರ್ ಪ್ರಿಂಟರನ್ನು ಚಿಕ್ಕ ಯುಪಿಎಸ್‌ಗೆ ಹಾಕಬೇಡಿ. ಫ್ಯೂಸರ್ ಬಿಸಿಯಾಗುವಾಗ ನೂರಾರು ವಾಟ್ ಒಮ್ಮೆಗೇ ಎಳೆಯುತ್ತದೆ. ಯುಪಿಎಸ್ ಕುಯ್ಯೋ ಎಂದು ಅದರ ಜೊತೆ ಕಂಪ್ಯೂಟರೂ ಆರುತ್ತದೆ. ಪ್ರಿಂಟರ್ ಗೋಡೆಯ ಸಾಕೆಟ್ಟಿಗೆ. ಪೈ, ಪ್ರಿಂಟ್ ಸರ್ವರ್, ರೂಟರ್ ಯುಪಿಎಸ್‌ಗೆ. ಪೈನ ಮೆಮೊರಿ ಕಾರ್ಡ್ ಹಾಳಾಗುವುದು ಹೆಚ್ಚಾಗಿ ಹಠಾತ್ ಕರೆಂಟ್ ಹೋದಾಗಲೇ.

ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ಸಂಜೆ ಹೊತ್ತು ಗುಡುಗು ಸಿಡಿಲು ಜಾಸ್ತಿ. ಪ್ಲಗ್ ತೆಗೆಯುವವರು ಲ್ಯಾನ್ ತಂತಿಯನ್ನು ಬಿಟ್ಟುಬಿಡುತ್ತಾರೆ. ಸಿಡಿಲಿನ ಹೊಡೆತ ಆ ತಂತಿಯಲ್ಲೂ ಬರುತ್ತದೆ. ಪಕ್ಕದ ಕಟ್ಟಡಕ್ಕೆ ಹೊರಗಿನಿಂದ ಎಳೆದ ತಂತಿ ಇದ್ದರೆ ಅಪಾಯ ಇನ್ನೂ ಹೆಚ್ಚು. ಸಂಜೆ ಆಫೀಸ್ ಮುಚ್ಚುವಾಗ ಎರಡನ್ನೂ ತೆಗೆಯಿರಿ. ಪ್ರಿಂಟರಿನ ಲೋಹದ ಭಾಗ ಮುಟ್ಟಿದಾಗ ಜುಮ್ ಎಂದರೆ ಅರ್ತಿಂಗ್ ಸರಿ ಇಲ್ಲ. ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವವರೆಗೆ ಏನನ್ನೂ ಜೋಡಿಸಬೇಡಿ. ಯುಎಸ್‌ಬಿ ಪೋರ್ಟ್ ಸುಡುವುದು ಇಂಥ ಕಡೆಯೇ.

ಮಳೆಗಾಲದಲ್ಲಿ ಟ್ರೇ ತುಂಬಾ ಹಾಳೆ ಇಡಬೇಡಿ. ತೇವ ಕುಡಿದ ಹಾಳೆ ಫ್ಯೂಸರಿನ ಬಿಸಿಗೆ ಸುರುಳಿ ಸುತ್ತಿ ಸಿಕ್ಕಿಕೊಳ್ಳುತ್ತದೆ. ಆ ದಿನಕ್ಕೆ ಬೇಕಾದಷ್ಟು ಹಾಕಿ, ಉಳಿದದ್ದನ್ನು ಅದರ ಕವರಿನಲ್ಲೇ ಸುತ್ತಿ ಕಪಾಟಿನಲ್ಲಿಡಿ.

ಯಾವಾಗ ಕೈಬಿಡಬೇಕು

ಕಂಪನಿಯ ಸೈಟಿನಲ್ಲಿ 64 ಬಿಟ್ ಡ್ರೈವರೇ ಇಲ್ಲದಿದ್ದರೆ, ಲಿನಕ್ಸಿನಲ್ಲೂ ಆ ಮಾಡೆಲ್ ಇಲ್ಲದಿದ್ದರೆ ಮುಂದುವರಿಯಬೇಡಿ. ಆ ಒಂದು ಪ್ರಿಂಟರಿಗೋಸ್ಕರ ಹಳೆಯ ವಿಂಡೋಸ್ ಇಟ್ಟುಕೊಳ್ಳುವುದೂ ಸರಿಯಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸೇರಿಸುವ ಸಾಮಾನು ಮತ್ತು ರಿಪೇರಿ ಎರಡೂ ಕೂಡಿ ಲ್ಯಾನ್ ಇರುವ ಹೊಸ ಪ್ರಿಂಟರಿನ ಅರ್ಧ ಬೆಲೆ ದಾಟಿದರೆ ನಾನು ಬೇಡ ಎನ್ನುತ್ತೇನೆ. ಟೋನರ್ ಸುಲಭಕ್ಕೆ ಸಿಗುವ ಗಟ್ಟಿ ಪ್ರಿಂಟರಾದರೆ ಸ್ವಲ್ಪ ಮುಂದೆ ಹೋಗಬಹುದು.

ಕೊನೆಯ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ. ಹತ್ತು ನಿಮಿಷ ಕಾದು ಆನ್ ಮಾಡಿ. ಯಾವ ಕೇಬಲನ್ನೂ ಮುಟ್ಟದೆ, ಪ್ರಿಂಟರಿನ, ಡಬ್ಬಿಯ ಯಾವ ಬಟನನ್ನೂ ಒತ್ತದೆ ಪ್ರತಿ ಕಂಪ್ಯೂಟರಿನಿಂದ, ಒಂದು ಫೋನಿನಿಂದ ಒಂದೊಂದು ಪುಟ ಕೊಡಿ. ಎಲ್ಲವೂ ಬಂದರೆ ಮಾತ್ರ ಅಂಗಡಿಯವರಿಗೆ ಬಾಕಿ ದುಡ್ಡು ಕೊಡಿ.

ಆಮೇಲೆ ಒಂದು ಚೀಟಿ ಬರೆಯಿರಿ: ಪ್ರಿಂಟರಿನ ಮಾಡೆಲ್, ಯಾವ ಬಗೆ, ಐಪಿ ನಂಬರ್, ಪೋರ್ಟ್ ಸಂಖ್ಯೆ, ಡ್ರೈವರ್ ಇರುವ ಪೆನ್‌ಡ್ರೈವ್ ಎಲ್ಲಿದೆ. ಪಾಸ್‌ವರ್ಡ್ ಅದರಲ್ಲಿ ಬೇಡ. ಆ ಚೀಟಿಯನ್ನು ಕಾನ್ಫಿಗರೇಶನ್ ಪೇಜಿನ ಜೊತೆ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಪ್ರಿಂಟರಿನ ಪಕ್ಕಕ್ಕೆ ಅಂಟಿಸಿ. ಗೋಡೆಗೆ ಬೇಡ, ಜುಲೈ ಬರುವಷ್ಟರಲ್ಲಿ ಅಂಟು ಬಿಟ್ಟು ಬೀಳುತ್ತದೆ.